ಬೈಲಹೊಂಗಲದಲ್ಲಿ ಮತ್ತೆ ರಾಣಿ ಸೆರೆ

ನಮ್ಮ ಸೀಮೆಯಲ್ಲಿ ಹುಟ್ಟಿದವನಿಗೆ ಸೋಲು ಹೊಸದಲ್ಲ. ಆದರೆ ಸೋತಾಗ ಬೈಯಲಿಕ್ಕೆ ಯಾರಾದರೂ ಒಬ್ಬರು ಇದ್ದೇ ಇರುತ್ತಾರೆ. ಜೋಳ ಒಣಗಿದರೆ ಮಳೆರಾಯ, ಮೋಟಾರು ಸುಟ್ಟರೆ ಕರೆಂಟಿನವರು, ಮಗ ಫೇಲಾದರೆ ಮಾಸ್ತರು, ಮದುವೆಯಲ್ಲಿ ಸಾರು ಸಾಲದಿದ್ದರೆ ಬೀಗರು, ಹತ್ತಿ ದರ ಬಿದ್ದರೆ ದಲಾಲರು. ಆಟದಲ್ಲೂ ಹಾಗೇ. ಇಸ್ಪೀಟಿನಲ್ಲಿ ಸೋತವನು ‘ಎಲಿ ಬರಲಿಲ್ಲ’ ಅನ್ನುತ್ತಾನೆ. ಕಬಡ್ಡಿಯಲ್ಲಿ ಸೋತವರು ಪಂಚರ ಮನೆತನದವರನ್ನೆಲ್ಲ ನೆನೆಯುತ್ತಾರೆ. ರಾಜ್ಯ, ತಮ್ಮಂದಿರು, ಹೆಂಡತಿ ಎಲ್ಲವನ್ನೂ ಪಗಡೆಯಲ್ಲಿ ಕಳೆದ ಧರ್ಮರಾಯನಿಗೂ ಬೊಟ್ಟು ಮಾಡಿ ತೋರಿಸಲಿಕ್ಕೆ ಒಬ್ಬ ಶಕುನಿ ಇದ್ದ, ದಾಳಗಳಿದ್ದವು.

ಚದುರಂಗದಲ್ಲಿ ಏನೂ ಇಲ್ಲ. ದಾಳವಿಲ್ಲ, ಮುಚ್ಚಿಟ್ಟ ಎಲೆಯಿಲ್ಲ, ಮಳೆ ಬಂದು ಆಟ ಕೆಡುವುದಿಲ್ಲ. ಅರವತ್ನಾಲ್ಕು ಮನೆ ಕಣ್ಣೆದುರಿಗೆ ಬಯಲಾಗಿ ಬಿದ್ದಿರುತ್ತವೆ. ಎದುರಾಳಿಗೆ ಕಾಣುವುದೆಲ್ಲ ನಿನಗೂ ಕಾಣುತ್ತದೆ. ಸೋತರೆ ನೀನೇ ಸೋತೆ. ಈ ಆಟ ಕಂಡುಹಿಡಿದ ಪುಣ್ಯಾತ್ಮ ಯಾರೇ ಇರಲಿ, ಬೈಲಹೊಂಗಲದ ಪೇಟೆಯಲ್ಲಿ ಒಂದು ದಿನವೂ ವ್ಯಾಪಾರ ಮಾಡಿದವನಲ್ಲ.

ನಾನು ಆ ಪೇಟೆಯ ಒಂದು ದಲಾಲಿ ಅಂಗಡಿಯಲ್ಲಿ ಲೆಕ್ಕ ಬರೆಯುವವನು. ಅಂಗಡಿಯಲ್ಲಿ ಒಂದು ಹಳೇ ಚೆಸ್ ಬೋರ್ಡಿತ್ತು. ಆ ಬೋರ್ಡಿನ ಮೇಲೆ ನನ್ನನ್ನು ಸೋಲಿಸಿದವರು ಯಾರೂ ಇರಲಿಲ್ಲ, ಯಾಕೆಂದರೆ ಆಟ ಬರುತ್ತಿದ್ದುದು ನನಗೊಬ್ಬನಿಗೇ. ಮಾಲು ಬರದ ದಿನ ಹಮಾಲರನ್ನು ಕೂರಿಸಿಕೊಂಡು ನಾನೇ ಕಲಿಸಿ ನಾನೇ ಸೋಲಿಸುತ್ತಿದ್ದೆ. ಎರಡನೇ ಆಟಕ್ಕೆ ಅವರು ಕೂರುತ್ತಿರಲಿಲ್ಲ. ಅದನ್ನು ನಾನು ಭಯ ಎಂದು ತಿಳಿದಿದ್ದೆ.

ಪಂಚಮಿಗೆಂದು ಬಂದ ಅಳಿಯ, ಹುಬ್ಬಳ್ಳಿಯಲ್ಲಿ ಇಂಜಿನಿಯರಿಂಗ್ ಓದುವ ಹುಡುಗ, ಜೋಕಾಲಿ ಆಡುವುದು ಬಿಟ್ಟು ನನ್ನ ಮೊಬೈಲಿಗೆ ಆ್ಯಪ್ ಹಾಕಿದ.

“ಮಾಮಾ, ಇದರಾಗ ಜಗತ್ತಿನ ಮಂದಿ ಜೋಡಿ ಆಡಬಹುದು ನೋಡ್ರಿ.”

“ರೇಟಿಂಗ್ ಅಂತ ಬರದದಲ್ಲೋ, ಏನದು?”

“ಶುರುವಿಗೆ ಎಲ್ಲಾರಿಗೂ 1500 ಕೊಡ್ತೈತ್ರಿ. ಗೆದ್ರ ಏರತೈತಿ, ಸೋತ್ರ ಇಳೀತೈತಿ.”

ಆಡುವ ಮೊದಲೇ 1500 ಜಮಾ! ಇಂಥ ಧಾರಾಳತನ ನಮ್ಮ ಸಾವಕಾರರಲ್ಲಿ ನಾನು ಕಂಡಿರಲಿಲ್ಲ. ಅಳಿಯ ಪಂಚಮಿ ಉಂಡಿ ಕಟ್ಟಿಸಿಕೊಂಡು ಹುಬ್ಬಳ್ಳಿ ಬಸ್ಸು ಹತ್ತುವಷ್ಟರಲ್ಲಿ ಆ ಜಮಾದಲ್ಲಿ ಅರ್ಧಕ್ಕರ್ಧ ಬ್ರೆಜಿಲ್, ಫಿಲಿಪೈನ್ಸ್, ತುರ್ಕಿ ದೇಶಗಳಿಗೆ ಹಂಚಿಹೋಗಿತ್ತು. ಬಹುಶಃ ಬೈಲಹೊಂಗಲದಿಂದ ಇಷ್ಟು ಬೇಗ ಇಷ್ಟು ರಫ್ತು ಯಾವ ಕಾಲಕ್ಕೂ ಆಗಿರಲಿಕ್ಕಿಲ್ಲ.

ಲೆಕ್ಕದವನಾದ್ದರಿಂದ ಈ ರೇಟಿಂಗಿನ ಬೇರು ಹುಡುಕಿದೆ. ಅರ್ಪಾದ್ ಈಲೋ ಎಂಬ, ಹಂಗೆರಿಯಲ್ಲಿ ಹುಟ್ಟಿ ಅಮೆರಿಕದಲ್ಲಿ ಭೌತಶಾಸ್ತ್ರ ಕಲಿಸುತ್ತಿದ್ದ ಪ್ರಾಧ್ಯಾಪಕ ಕೂಡಿಸಿದ ಲೆಕ್ಕವಂತೆ. ವಿಶ್ವ ಚೆಸ್ ಸಂಸ್ಥೆ ಫಿಡೆ ಅದನ್ನು 1970ರಲ್ಲಿ ಒಪ್ಪಿಕೊಂಡಿತು. ಇಬ್ಬರ ನಡುವೆ 200 ಅಂಕದ ಅಂತರವಿದ್ದರೆ ನೂರು ಆಟಕ್ಕೆ ಮೇಲಿನವನಿಗೆ 76ರಷ್ಟು, ಕೆಳಗಿನವನಿಗೆ 24ರಷ್ಟು ದಕ್ಕಬೇಕು. ಇದನ್ನು ಓದಿ ನನಗೆ ಹುರುಪು ಬಂತು. ಆ 24 ನನ್ನ ಹಕ್ಕಿನ ಮಾಲು! ವಸೂಲಿಗೆ ಹೋದಾಗ ತಿಳಿದದ್ದೇನೆಂದರೆ, ಸೋತಷ್ಟೂ ಆ್ಯಪ್ ನನಗೆ ಇನ್ನೂ ಕೆಳಗಿನವರನ್ನು ಜೋಡಿ ಹಾಕುತ್ತದೆ, ಅವರು ನನ್ನನ್ನು ಸೋಲಿಸಿ ಮೇಲೆ ಹೋಗುತ್ತಾರೆ. ಎಷ್ಟು ಮಂದಿಯ ಏಳಿಗೆಗೆ ನಾನು ಮೆಟ್ಟಿಲಾದೆನೋ! ಇನ್ನು ಫಿಡೆಯವರು 2024ರ ಮಾರ್ಚ್‌ನಲ್ಲಿ ತಮ್ಮ ಪಟ್ಟಿಯ ಕೆಳಗಿನ ಗೆರೆಯನ್ನು 1000ದಿಂದ 1400ಕ್ಕೆ ಏರಿಸಿದರು. ಅಂದರೆ ನನ್ನಂಥವರು ಅವರ ಖಾತೆಯಲ್ಲಿ ಬಾಕಿದಾರರೂ ಅಲ್ಲ. ನಮಗೆ ಪುಟವೇ ಇಲ್ಲ.

ಸಿಟ್ಟು ಬರದೆ ಇರುತ್ತದೆಯೇ? ಒಂದು ಸಂಜೆ ಗೆಲ್ಲುವ ಆಟದಲ್ಲಿ ಆನೆಯನ್ನು ಪುಕ್ಕಟೆ ಕೊಟ್ಟು ಮೊಬೈಲನ್ನು ಎತ್ತಿ ಒಗೆದೆ. ಅದು ಹತ್ತಿ ಅಂಡಿಗೆಯ ಮೇಲೆ ಬಿತ್ತು. ಬಿದ್ದ ಪೆಟ್ಟಿಗೆ ತಾನೇ ಹೊಸ ಆಟ ಶುರು ಮಾಡಿತು. ನಾನು ಅಂಡಿಗೆ ಹತ್ತಿ ಇಳಿಸಿಕೊಂಡು ಬರುವುದರೊಳಗೆ ನನ್ನ ಗಡಿಯಾರ ಮುಗಿದು, ಅದನ್ನೂ ಸೋತಿದ್ದೆ.

ದೊಡ್ಡವರಿಗೂ ಇದು ತಪ್ಪಿದ್ದಲ್ಲ ಎಂಬುದೊಂದು ಸಮಾಧಾನ. ಅಲೆಖಿನ್ ಎಂಬ ಮಹಾಶಯ, ಮುಂದೆ ವಿಶ್ವ ಚಾಂಪಿಯನ್ ಆದವನು, ವಿಯೆನ್ನಾದಲ್ಲಿ ಸೋತು ಬಂದು ಹೋಟೆಲ್ ಕೋಣೆಯ ಕುರ್ಚಿ ಮೇಜು ಮುರಿದ ಎಂಬ ಕತೆ ಚೆಸ್ ಮಂದಿ ನಡುವೆ ಇದೆ. ಅಷ್ಟು ಹಿಂದಕ್ಕೇಕೆ, 2025ರ ಜೂನ್ 1ರಂದು ನಾರ್ವೆಯ ಸ್ಟಾವೆಂಜರ್‌ನಲ್ಲಿ ನಮ್ಮ ಗುಕೇಶ್ ಎದುರು ಗೆದ್ದ ಆಟ ಕಳಕೊಂಡ ಮ್ಯಾಗ್ನಸ್ ಕಾರ್ಲ್‌ಸನ್ ಮೇಜಿಗೆ ಗುದ್ದಿದ ಗುದ್ದನ್ನು ಜಗತ್ತೇ ನೋಡಿತು. ಕಾಯಿಗಳು ಉರುಳಿಬಿದ್ದವು. ಆ ವಿಡಿಯೊ ನಾನು ಮತ್ತೆ ಮತ್ತೆ ನೋಡಿದೆ. ಆಟದಲ್ಲಿ ಅಲ್ಲದಿದ್ದರೆ ಇದರಲ್ಲಾದರೂ ಕಾರ್ಲ್‌ಸನ್‌ನ ಸಮಕ್ಕೆ ಬರಬಹುದೆಂದು, ಮುಂದಿನ ಸಲ ಸೋತಾಗ ಚಹಾದ ಅಂಗಡಿಯ ಮೇಜಿಗೆ ಅದೇ ಧಾಟಿಯಲ್ಲಿ ಗುದ್ದಿದೆ. ಬಸಿಯೊಳಗಿನ ಚಹಾ ಎದುರಿಗೆ ಕೂತವರ ಬಿಳಿ ಧೋತರದ ಮೇಲೆ ಹೋಯಿತು. ಅಂಗಡಿಯವ ಭಜಿ ಜಾಲಿಯನ್ನು ಎಣ್ಣೆಯ ಮೇಲೇ ಹಿಡಿದು, “ಸರ, ಮದಲ ಚಾದ ರೊಕ್ಕ ಕೊಡ್ರಿ, ಆಮ್ಯಾಲ ಬಡೀರಿ,” ಅಂದ. ಕಾರ್ಲ್‌ಸನ್‌ಗೆ ಹೀಗೆ ಯಾರೂ ಹೇಳಿರಲಿಕ್ಕಿಲ್ಲ. ಧೋತರದವರು ಏನೂ ಅನ್ನಲಿಲ್ಲ. ಅವರು ಹತ್ತಿಯ ರೊಕ್ಕಕ್ಕೆ ನಮ್ಮ ಅಂಗಡಿಗೇ ಬಂದವರೆಂದು ಆಮೇಲೆ ಗೊತ್ತಾಯಿತು.

ಮೊಬೈಲಿನಲ್ಲಿ ಗಮನ ಇರುವುದಿಲ್ಲ, ಎದುರಾಬದುರು ಕೂತರೆ ನನ್ನ ನಿಜವಾದ ಆಟ ಹೊರಗೆ ಬೀಳುತ್ತದೆ ಎಂದು ನನಗೊಂದು ನಂಬಿಕೆಯಿತ್ತು. ಕಿತ್ತೂರಿನ ಒಂದು ಮಂಗಲ ಕಾರ್ಯಾಲಯದಲ್ಲಿ ಓಪನ್ ಟೂರ್ನಮೆಂಟ್ ಇದೆ ಎಂದು ಕೇಳಿ ಹೆಸರು ಕೊಟ್ಟೆ. ನನ್ನ ನಿಜವಾದ ಆಟ ಹೊರಗೆ ಬಿತ್ತು.

ಎದುರಿಗೆ ಬಸ್ ಕಂಡಕ್ಟರ್ ಒಬ್ಬರು ಕೂತಿದ್ದರು. ರಾತ್ರಿ ಪಾಳಿ ಮುಗಿಸಿ ಖಾಕಿ ಅಂಗಿಯಲ್ಲೇ ಬಂದಿದ್ದರು, ಕಣ್ಣು ಕೆಂಪಗಿತ್ತು. ಕಾಯಿ ನಡೆಸಿ ಗಡಿಯಾರದ ಗುಂಡಿಯನ್ನು ಟಿಕೀಟು ಹರಿದು ಕೊಡುವ ವೇಗದಲ್ಲಿ ಒತ್ತುತ್ತಿದ್ದರು. ಈ ಮನುಷ್ಯ ನಿದ್ದೆಗೆಟ್ಟಿದ್ದಾನೆ, ನಿಧಾನ ಆಡಿದರೆ ಕೂತಲ್ಲೇ ಮಲಗುತ್ತಾನೆ ಎಂಬುದು ನನ್ನ ಯೋಜನೆ. ಅಂತೆಯೇ ನಿಧಾನ ಆಡಿದೆ. ಕಣ್ಣು ಮುಚ್ಚಿ ಬಂದದ್ದು ನನಗೇ. ತೂಕಡಿಕೆ ತಡೆಯಲಿಕ್ಕೆ ಏನಾದರೂ ಮಾಡಬೇಕಲ್ಲ ಎಂದು, ಮನೆಯ ನಡುವೆ ಸರಿಯಾಗಿ ನಿಂತಿರದ ನನ್ನ ರಾಣಿಯನ್ನು ಎರಡು ಬೆರಳಲ್ಲಿ ಹಿಡಿದು ತುಸು ಸರಿಸಿದೆ.

“ಮುಟ್ಟಿದ್ರಿ,” ಅಂದರು ಕಂಡಕ್ಟರ್.

“ನಟ್ಟಗ ಇಟ್ಟೆ, ಅಷ್ಟರಿ.”

“ಹಂಗ ಮದಲ ಹೇಳಿ ಮುಟ್ಟಬೇಕ್ರಿ. ಈಗ ನಡಸಬೇಕ.”

ಪಂಚರು ಬಂದರು. ನಿಯಮ ಕಂಡಕ್ಟರ್ ಕಡೆಗಿತ್ತು. ಸರಿಪಡಿಸುತ್ತೇನೆ ಎಂದು ಬಾಯಿಬಿಟ್ಟು ಹೇಳದೆ ಮುಟ್ಟಿದರೆ ಆ ಕಾಯಿಯನ್ನೇ ನಡೆಸಬೇಕು. ರಾಣಿ ಹೋಗಬಹುದಾದ ಮನೆಗಳನ್ನು ಒಂದೊಂದಾಗಿ ನೋಡಿದೆ. ಒಂದರ ಮೇಲೆ ಅವರ ಒಂಟೆಯ ಕಣ್ಣು, ಒಂದರ ಮೇಲೆ ಕುದುರೆ, ಉಳಿದದ್ದರ ಮೇಲೆ ಒಂದು ಬಡ ಪ್ಯಾದೆ. ಕುದುರೆಯ ಕೈಗೆ ಕೊಡುವುದು ಮರ್ಯಾದೆಯೆಂದು ಅಲ್ಲಿಗೆ ಇಟ್ಟೆ. ಸುತ್ತ ನಿಂತು ನೋಡುತ್ತಿದ್ದ ಹಿರಿಯರೊಬ್ಬರು ಹಣೆ ಬಡಿದುಕೊಂಡು, “ಕಿತ್ತೂರಾಗ ಕುಂತು ರಾಣೀನ್ನ ಹಿಂಗ ಬಿಟ್ಟಕೊಡತಾರೇನ್ರೀ?” ಅಂದರು.

“ಯಾ ಊರವರೋ?” ಹಿಂದಿನಿಂದ ಇನ್ನೊಂದು ದನಿ.

“ಬೈಲಹೊಂಗಲದವರಂತ.”

“ಹಂಗಾರ ಸರಿ ಬಿಡ.”

ಮುಂದಿನದ್ದನ್ನು ಯಾರೂ ಬಿಡಿಸಿ ಹೇಳಬೇಕಿರಲಿಲ್ಲ. 1824ರ ಅಕ್ಟೋಬರ್ 23ರಂದು ಇದೇ ಕಿತ್ತೂರಿನ ಕೋಟೆಯ ಮುಂದೆ ಇಂಗ್ಲಿಷರ ಕಲೆಕ್ಟರ್ ಥ್ಯಾಕರೆ ಬಿದ್ದ. ಅದೇ ವರ್ಷದ ಡಿಸೆಂಬರಿನಲ್ಲಿ ಇಂಗ್ಲಿಷರು ದೊಡ್ಡ ದಂಡು ತಂದು ಕೋಟೆ ಹಿಡಿದರು, ಚನ್ನಮ್ಮ ರಾಣಿಯನ್ನು ಸೆರೆಯಿಟ್ಟದ್ದು ನಮ್ಮ ಬೈಲಹೊಂಗಲದಲ್ಲಿ. 1829ರಲ್ಲಿ ಆಕೆ ಅಲ್ಲೇ ಕಣ್ಣು ಮುಚ್ಚಿದಳು, ಸಮಾಧಿಯೂ ಅಲ್ಲೇ ಇದೆ. ಕೋಟೆಯ ಮದ್ದಿಗೆ ಸೆಗಣಿ ಬೆರೆಸಿದ ಒಳಗಿನವರ ದ್ರೋಹವನ್ನು ನಮ್ಮ ಜನ ಇವತ್ತಿಗೂ ಹಾಡಿ ಉಗುಳುತ್ತಾರೆ. ನನ್ನ ರಾಣಿಗೆ ದ್ರೋಹ ಮಾಡಿದ್ದು ನನ್ನದೇ ಹೆಬ್ಬೆರಳು ಮತ್ತು ತೋರುಬೆರಳು. ಇವನ್ನು ಹಾಡಲ್ಲಿ ಸೇರಿಸುವಷ್ಟು ತಾಳ್ಮೆ ಯಾವ ಲಾವಣಿಕಾರನಿಗೂ ಇಲ್ಲ. ಕಂಡಕ್ಟರ್ ಕೈಕುಲುಕಿ ಅಲ್ಲೇ ಗೋಡೆಗೆ ಒರಗಿ ನಿದ್ದೆ ಹೋದರು.

ಸೋತ ಮೇಲೆ ಅಭ್ಯಾಸಕ್ಕೆ ಇಳಿದೆ. ಅಭ್ಯಾಸ ಎಂದರೆ ಆಡುವುದಲ್ಲ, ಆಟ ಯಾಕೆ ಬರುವುದಿಲ್ಲ ಎಂಬುದರ ಬಗ್ಗೆ ಓದುವುದು. ಡಚ್ ಮನಶ್ಶಾಸ್ತ್ರಜ್ಞ ಡಿ ಗ್ರೂಟ್ ಶುರು ಮಾಡಿದ ದಾರಿಯಲ್ಲಿ ಅಮೆರಿಕದ ಚೇಸ್ ಮತ್ತು ಸೈಮನ್ 1973ರಲ್ಲಿ ಒಂದು ಪ್ರಯೋಗ ಪ್ರಕಟಿಸಿದರು. ನಿಜವಾದ ಆಟದ ನಡುವಿನ ಬೋರ್ಡನ್ನು ಐದು ಸೆಕೆಂಡು ತೋರಿಸಿ ಮುಚ್ಚಿದರೆ, ನುರಿತ ಮಾಸ್ಟರ್ ಬಹಳಷ್ಟು ಕಾಯಿಗಳನ್ನು ಅವವುಗಳ ಮನೆಯಲ್ಲೇ ತಿರುಗಿ ಇಡುತ್ತಾನೆ. ಹೊಸಬನಿಗೆ ನಾಲ್ಕಾರು ಕಾಯಿ ನೆನಪಿದ್ದರೆ ಹೆಚ್ಚು. ಮಾಸ್ಟರ್ ಕಾಯಿಗಳನ್ನು ಬಿಡಿಬಿಡಿಯಾಗಿ ನೋಡುವುದಿಲ್ಲ, ಗುಂಪುಗುಂಪಾಗಿ ಗುರುತು ಹಿಡಿಯುತ್ತಾನೆ. ಆ ಗುರುತು ವರ್ಷಗಟ್ಟಲೆ ಕೂತು ಆಡಿ ಬಂದದ್ದು. ಇದು ನನಗೆ ಒಪ್ಪಿತವಾದ ಮಾತು. ಲೆಕ್ಕದ ಪಟ್ಟಿ ಕೈಗೆ ಬಂದ ಕೂಡಲೇ ಎಲ್ಲಿ ತಪ್ಪಿದೆಯೋ ಅಲ್ಲಿಗೆ ನನ್ನ ಕಣ್ಣು ತಾನೇ ಹೋಗಿ ನಿಲ್ಲುತ್ತದೆ, ಹೊಸ ಹುಡುಗರು ಕ್ಯಾಲ್ಕ್ಯುಲೇಟರ್ ಹಿಡಿದು ಸಂಜೆತನಕ ಹುಡುಕುತ್ತಾರೆ. ಆದರೆ ಪ್ರಯೋಗದ ಎರಡನೇ ಭಾಗ ನನಗೆ ಇನ್ನೂ ಹೆಚ್ಚು ಇಷ್ಟವಾಯಿತು. ಕಾಯಿಗಳನ್ನು ಅಡ್ಡಾದಿಡ್ಡಿ ಚೆಲ್ಲಿಟ್ಟು ತೋರಿಸಿದರೆ ಮಾಸ್ಟರೂ ಹೊಸಬನೂ ಹೆಚ್ಚುಕಡಿಮೆ ಒಂದೇ. ನನ್ನ ಆಟದಲ್ಲಿ ಕಾಯಿಗಳು ಹೇಗೂ ಹಾಗೆಯೇ ನಿಂತಿರುತ್ತವೆ. ಯಾವ ಗ್ರ್ಯಾಂಡ್‌ಮಾಸ್ಟರ್ ಬಂದರೂ ನನ್ನ ಬೋರ್ಡಿನ ಮುಂದೆ ನನ್ನ ಸರೀಕನೇ.

ಅಲ್ಲಿಂದ ಇತಿಹಾಸಕ್ಕೆ ಜಾರಿದೆ. ಆಡಿ ಗೆಲ್ಲಲಾಗದವರೆಲ್ಲ ಕೊನೆಗೆ ಹೋಗಿ ಸೇರುವ ಜಾಗ ಅದು. ಕಲ್ಯಾಣ ಚಾಲುಕ್ಯರ ಮೂರನೇ ಸೋಮೇಶ್ವರ 1129ರ ಸುಮಾರಿಗೆ ಬರೆಸಿದ ‘ಮಾನಸೋಲ್ಲಾಸ’ದಲ್ಲಿ ಅಡುಗೆ, ಆನೆ, ಬೇಟೆ, ಸಂಗೀತಗಳ ಜೊತೆಗೆ ಚದುರಂಗಕ್ಕೂ ಜಾಗವಿದೆ. ಆ ಚಾಲುಕ್ಯರ ಸಾಮಂತರಾದ ರಟ್ಟರು ನಮ್ಮ ಸವದತ್ತಿಯಿಂದ ಆಳಿದವರು. ಮೇಲಿನ ದೊರೆ ಆಡಿದ ಮೇಲೆ ಕೆಳಗಿನವರು ಆಡದೆ ಇರುತ್ತಾರೆಯೇ, ಸೋಲದೆಯಾದರೂ ಇರುತ್ತಾರೆಯೇ? ಹಾಗೆ ನೋಡಿದರೆ ನನ್ನದು ಒಂಬೈನೂರು ವರ್ಷದ ಪರಂಪರೆ. ಆಗಿನ ಆಟದಲ್ಲಿ ರಾಣಿಯೇ ಇರಲಿಲ್ಲ, ಅವಳ ಮನೆಯಲ್ಲಿ ಮಂತ್ರಿ ನಿಲ್ಲುತ್ತಿದ್ದ, ಅವನು ಓರೆಯಾಗಿ ಒಂದೇ ಮನೆ ನಡೆಯುತ್ತಿದ್ದ. ಯುರೋಪಿನವರು ಅವನನ್ನು ರಾಣಿ ಮಾಡಿ, ಹದಿನೈದನೇ ಶತಮಾನದ ಕೊನೆಗೆ ಬೋರ್ಡಿನ ತುಂಬ ಓಡಾಡಲು ಬಿಟ್ಟರು. ಒಂದೇ ಮನೆ ನಡೆಯುವ ಮಂತ್ರಿಯನ್ನು ಕಳಕೊಂಡಿದ್ದರೆ ಕಿತ್ತೂರಿನಲ್ಲಿ ನನ್ನ ಮಾನ ಇಷ್ಟು ಹೋಗುತ್ತಿರಲಿಲ್ಲ. ಇತ್ತ ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು ಕುದುರೆಯೊಂದನ್ನು ಅರವತ್ನಾಲ್ಕು ಮನೆಗೂ ಒಮ್ಮೊಮ್ಮೆ ಕಾಲಿಡಿಸಿ ಸುತ್ತಾಡಿಸುವ ತುರಗಗತಿಯ ಒಗಟುಗಳಲ್ಲಿ ದೊಡ್ಡ ಹೆಸರು ಮಾಡಿದವರು. ನನ್ನ ಕುದುರೆ ಎರಡನೇ ನೆಗೆತಕ್ಕೇ ಯಾರದಾದರೂ ದೊಡ್ಡಿಯಲ್ಲಿರುತ್ತದೆ.

ಮನೆಯಲ್ಲಿ ಇದನ್ನೆಲ್ಲ ನೋಡಿ ನೋಡಿ ಸಾಕಾಗಿ, “ಎಲ್ಲಮ್ಮಗರೆ ಬೇಡಿಕೊಳ್ರಿ, ಬಿಟ್ಟರ ಬಿಡಲಿ, ಬಂದರ ಬರಲಿ,” ಎಂದು ಹೆಂಡತಿ ಸವದತ್ತಿಗೆ ಹೊರಡಿಸಿದಳು. ಗುಡ್ಡದ ಮೇಲೆ ಉಧೋ ಉಧೋ ಎಂಬ ಕೂಗು, ಭಂಡಾರದ ಧೂಳು, ನೂಕುನುಗ್ಗಲು. ಸರದಿಯಲ್ಲಿ ನಿಂತಾಗ ಏನು ಬೇಡಿಕೊಳ್ಳಬೇಕೆಂದು ಪಿಸುಮಾತಿನಲ್ಲಿ ಕೇಳಿದೆ. “ಮಂದಿ ಮಳಿ ಬೇಡತಾರ, ಮಕ್ಕಳನ್ನ ಬೇಡತಾರ. ನೀವು ಕುದುರಿ ಉಳಿಸು ಅಂತ ಬೇಡ್ರಿ,” ಎಂದಳು. ಹಿಂದೆ ನಿಂತಿದ್ದ ಹೆಣ್ಣುಮಗಳು ಪಾಪ, ನಮ್ಮ ಮನೆಯಲ್ಲಿ ನಿಜವಾದ ಕುದುರೆಗೆ ಕಾಯಿಲೆಯೆಂದು ತಿಳಿದು, ಯಾವ ಔಷಧ ಹಾಕಬೇಕೆಂದು ಗರ್ಭಗುಡಿ ಬರುವತನಕ ಹೇಳಿದಳು.

ಇಳಿದು ಬಂದು ಕಾಯಿ-ಕರ್ಪೂರದ ಅಂಗಡಿಗಳ ಆಚೆ ಬೇವಿನ ನೆರಳಿಗೆ ಹೋದರೆ, ಅಲ್ಲಿ ಒಬ್ಬ ಅಜ್ಜ ಮನೆಗಳನ್ನು ಹೊಲಿದ ಬಟ್ಟೆ ಹಾಸಿ, ಬಣ್ಣ ಹೋದ ಕಟ್ಟಿಗೆಯ ಕಾಯಿಗಳನ್ನು ಇಟ್ಟುಕೊಂಡು ಒಬ್ಬನೇ ಕೂತಿದ್ದ. ತಾಯಿ ಇಷ್ಟು ಬೇಗ ಓಗೊಟ್ಟಳೇ ಎಂದು ಮೈ ಜುಮ್ಮೆಂದಿತು.

“ಆಡೂಣೇನ್ ಅಜ್ಜಾ?”

“ಕುಂದ್ರ ತಮ್ಮಾ.”

ಅವನ ಆಟ ಹಳೇ ಕಾಲದ್ದು. ಪ್ಯಾದೆಗಳು ಮೊದಲ ನಡೆಗೂ ಒಂದೇ ಮನೆ ಇಡುತ್ತಿದ್ದವು. ಅಜ್ಜನಿಗೆ ಪೂರಾ ಆಟ ಗೊತ್ತಿಲ್ಲ ಪಾಪ ಎಂದುಕೊಂಡು ನಾನು ಮಾತ್ರ ಎರಡೆರಡು ಮನೆ ಓಡಿಸಿದೆ. ಅಜ್ಜ ಒಮ್ಮೆ ನನ್ನ ಮುಖ ನೋಡಿ ಸುಮ್ಮನಾದ. ಬಹಳ ಹೊತ್ತು ಹೆಣೆದು ಹೆಣೆದು ಅವನ ರಾಜನನ್ನು ಮೂಲೆಗೆ ಒತ್ತಿದೆ. ಮುಂದಿನ ನಡೆಗೆ ಮಾತ್! ಆಚೀಚೆ ಹೋಗಲು ಅವನಿಗೆ ಮನೆಯಿಲ್ಲ. ಹೆಂಡತಿಯನ್ನು ಕೂಗಿ ಕರೆದೆ, ಗೆಲ್ಲುವುದನ್ನು ಆಕೆ ಒಮ್ಮೆಯಾದರೂ ಕಣ್ಣಾರೆ ನೋಡಲಿ ಎಂದು. ಆಕೆ ಬಂದು ನಿಂತಳು. ಅಜ್ಜ ರಾಜನನ್ನು ಎತ್ತಿದ. ಕುದುರೆಯ ಜಿಗಿತ ಜಿಗಿಸಿ ನನ್ನ ಬೇಲಿಯ ಹೊರಗೆ ಇಟ್ಟ.

“ಅಜ್ಜಾ, ರಾಜಾ ಹಂಗ ಹಾರಂಗಿಲ್ಲ!”

“ಒಮ್ಮಿ ಹಾರತೈತಿ. ಚೆಕ್ ಕೊಟ್ಟಿದ್ದಿ ಏನ್ ಅದಕ?”

ಕೊಟ್ಟಿರಲಿಲ್ಲ. ಊರಿಗೆ ಬಂದ ಮೇಲೆ ಓದಿ ನೋಡಿದರೆ ಅಜ್ಜ ಹೇಳಿದ್ದು ಅಪ್ಪಟ ನಿಜ. ನಮ್ಮ ದೇಶಿ ಆಟದಲ್ಲಿ ಚೆಕ್ ತಿನ್ನದ ರಾಜನಿಗೆ ಒಂದು ಸಲ ಕುದುರೆ ನಡೆ ಉಂಟು. ಈಗ ನಾವು ಆಡುವ ಕ್ಯಾಸಲಿಂಗ್ ಯುರೋಪಿನ ಕಡೆಯಿಂದ ಬಂದದ್ದು. ಅಷ್ಟು ಹೊತ್ತು ಒಂದು ಚೆಕ್ಕನ್ನೂ ಕೊಡದೆ ಮರ್ಯಾದೆಯಿಂದ ಸುತ್ತುಗಟ್ಟಿದ್ದೇ ನನಗೆ ಮುಳುವಾಯಿತು. ಎರಡನೇ ಆಟಕ್ಕೆ ಆ ನಿಯಮವನ್ನು ನಾನೂ ಬಳಸಿದೆ. ನನ್ನ ರಾಜ ಕೆನೆದು ಜಿಗಿದು ಸೀದಾ ಅಜ್ಜನ ಎರಡು ಆನೆಗಳ ನಡುವೆ ಇಳಿದ. “ಹಾರೂದು ಬ್ಯಾರೆ, ಇಳಿಯೂದು ಬ್ಯಾರೆ ತಮ್ಮಾ,” ಎಂದು ಅಜ್ಜ ಎಲೆಗೆ ಸುಣ್ಣ ಹಚ್ಚಿದ. ಹೆಂಡತಿ ಅವನಿಗೆ ಹೋಳಿಗೆ ಕೊಟ್ಟಳು. ನನಗೆ ಅಂತ ಕಟ್ಟಿಕೊಂಡು ಬಂದದ್ದು.

ಹೀಗಿದ್ದೂ ಸುಧಾರಣೆ ಆಗಿಲ್ಲವೆಂದು ಯಾರೂ ಹೇಳುವಂತಿಲ್ಲ. ಸೋಲಲಿಕ್ಕೆ ನನಗೆ ಈಗ ಮೊದಲಿಗಿಂತ ಹೆಚ್ಚು ಹೊತ್ತು ಹಿಡಿಯುತ್ತದೆ. ಹೆಂಡತಿಯೂ ಇದನ್ನು ಗಮನಿಸಿದ್ದಾಳೆ: “ಮದಲ ತಾಟು ಹಚ್ಚೂದ್ರಾಗ ಸೋತು ಬರತಿದ್ರಿ. ಈಗ ಸಾರು ಆರಿ ಹಳಸಿದ ಮ್ಯಾಲೆ ಸೋಲತೀರಿ.” ಕೊನೆಗೆ ಸೋಲುವುದೇ ಆದರೂ ನಡುವೆ ಸ್ವಲ್ಪ ಹೊತ್ತು ಗೆಲ್ಲುವ ಭ್ರಮೆ ಬರುವಷ್ಟು ಆಟ ಕುದುರಿದೆ. ಇದಕ್ಕಿಂತ ವೇಗವಾಗಿ ಏರಬೇಕೆನ್ನುವವರು ರಾಜ್ಯದ ಲೆಕ್ಕವನ್ನೇ ನೋಡಲಿ. ವಿಶ್ವನಾಥನ್ ಆನಂದ್ ದೇಶದ ಮೊದಲ ಗ್ರ್ಯಾಂಡ್‌ಮಾಸ್ಟರ್ ಆದದ್ದು 1988ರಲ್ಲಿ. ಕರ್ನಾಟಕಕ್ಕೆ ಮೊದಲ ಗ್ರ್ಯಾಂಡ್‌ಮಾಸ್ಟರ್ ಸಿಕ್ಕಿದ್ದು 2017ರಲ್ಲಿ, ಮೈಸೂರಿನ ಎಂ.ಎಸ್. ತೇಜಕುಮಾರ್. ಈಗ ಹನ್ನೆರಡು ಹದಿಮೂರು ವರ್ಷದ ಮಕ್ಕಳು ಆ ಪದವಿ ಹೊತ್ತು ತಿರುಗುತ್ತಾರೆ, ತೇಜಕುಮಾರ್ ಅವರಿಗೆ ಅದು ಬಂದಾಗ ವಯಸ್ಸು ಮೂವತ್ತರ ಮಧ್ಯಕ್ಕೆ ಬಂದಿತ್ತು. ಇಡೀ ರಾಜ್ಯವೇ 29 ವರ್ಷ ಕಾದಿದೆ, ಒಬ್ಬ ಗುಮಾಸ್ತ ಕಾಯಬಾರದೇ?

ಆ ಧೈರ್ಯದಲ್ಲಿ ರಾಮದುರ್ಗಕ್ಕೆ ಹೋದೆ. ಅಲ್ಲಿ ಒಂದು ಶಾಲೆಯ ಹಾಲಿನಲ್ಲಿ ಪಂದ್ಯಗಳು. ನನಗೆ ಜೋಡಿ ಬಿದ್ದವಳು ಆರನೇ ಈಯತ್ತೆಯ ಹುಡುಗಿ, ಎರಡು ಜಡೆ, ಪಕ್ಕದಲ್ಲಿ ಚುರುಮುರಿ ಪೊಟ್ಟಣ. ಆಟ ಶುರುವಾಗಿ ಸ್ವಲ್ಪ ಹೊತ್ತಿಗೆ ಪಂಚರು ನನ್ನ ಬಳಿ ಬಂದು, “ಸರ, ಮದಲ ಕಾಯಿ ನಡಸ್ರಿ, ಆಮ್ಯಾಲ ಹಾಳಿ ಮ್ಯಾಗ ಬರೀರಿ,” ಎಂದರು. ನಾನು ಬರೆದು ಆಮೇಲೆ ನಡೆಸುತ್ತಿದ್ದೆ. ಬರೆಯದೆ ಒಂದು ಚೀಲವೂ ಅಲುಗದ ಅಂಗಡಿಯಲ್ಲಿ ಇಷ್ಟು ವರ್ಷ ಕಳೆದವನಿಗೆ ಇದೆಂಥ ಶಿಕ್ಷೆ! ಕೈ ಬೋರ್ಡಿನತ್ತ ಹೋಗುವ ಮೊದಲೇ ಪೆನ್ನಿನತ್ತ ಹೋಗುತ್ತಿತ್ತು, ಅದನ್ನು ಎಡಗೈಯಿಂದ ಹಿಡಿದು ಎಳೆದು ತರಬೇಕಾಗುತ್ತಿತ್ತು. ಹುಡುಗಿ ಇದನ್ನೇ ಕಣ್ಣರಳಿಸಿ ನೋಡುತ್ತ ತನ್ನ ಒಂಟೆಯೊಂದನ್ನು ಮರೆತಳು. ಅದನ್ನು ಹೊಡೆದೆ. ಮುಂದೆ ಆನೆಯೂ ಸಿಕ್ಕಿತು. ಆಡಿ ಆಡಿ ಕೊನೆಗೆ ಅವಳ ಕಡೆ ರಾಜ ಒಬ್ಬನೇ ಉಳಿದ, ನನ್ನ ಕಡೆ ರಾಜನೂ ಇದ್ದ, ರಾಣಿಯೂ ಇದ್ದಳು. ಅದುವರೆಗೆ ಯಾವ ಆಟದಲ್ಲೂ ಅಷ್ಟು ಹೊತ್ತು ಬದುಕಿರದ ರಾಣಿ! ಮುಟ್ಟುವ ಮೊದಲು ಆಕೆಗೊಮ್ಮೆ ಮನಸ್ಸಿನಲ್ಲೇ ಕೈಮುಗಿದೆ.

ಹುಡುಗಿಯ ರಾಜ ಮೂಲೆಗೆ ಹೋಗಿ ನಿಂತ. ನಾನು ಉಸಿರು ಬಿಗಿಹಿಡಿದು ರಾಣಿಯನ್ನು ತಂದು ಅವನಿಂದ ಕುದುರೆ ನಡೆಯಷ್ಟು ದೂರದಲ್ಲಿ ಇಟ್ಟೆ, ಗಡಿಯಾರ ಒತ್ತಿದೆ, ಆಮೇಲೆಯೇ ಬರೆದೆ. ಪಂಚರ ಕಡೆ ಹೆಮ್ಮೆಯಿಂದ ನೋಡಿದೆ. ಹುಡುಗಿ ಬೋರ್ಡು ನೋಡಿದಳು, ನನ್ನ ಮುಖ ನೋಡಿದಳು, ಎರಡು ಚುರುಮುರಿ ಬಾಯಿಗೆ ಹಾಕಿಕೊಂಡಳು.

“ಕಾಕಾ, ಸ್ಟೇಲ್‌ಮೇಟ್ ಆತ್ರಿ.”

ಚೆಕ್ ಇಲ್ಲ, ಅವಳ ರಾಜನಿಗೆ ಇಡಲು ಮನೆಯೂ ಇಲ್ಲ. ಡ್ರಾ. ಇಬ್ಬರಿಗೂ ಅರ್ಧರ್ಧ ಅಂಕ. ಪಂಚರು ಹಾಳೆಗೆ ಸಹಿ ಮಾಡಿಸಿಕೊಂಡರು. ಎಂದೂ ಇಲ್ಲದ ಚಂದದ ಅಕ್ಷರದಲ್ಲಿ ಸಹಿ ಮಾಡಿದೆ. ಅರ್ಧವಾದರೂ ಜಮಾ ಜಮಾನೇ. ಹೊರಗೆ ಬಂದು ನಿಂತು ಹೆಂಡತಿಗೆ ಫೋನು ಮಾಡಿದೆ. “ಅರ್ಧ ಗೆದ್ರ ಉಳಿದರ್ಧ ಏನಾತ್ರಿ?” ಎಂದಳು. ಬಸ್ಸಿನ ಸದ್ದಿನಲ್ಲಿ ಕೇಳಿಸಲಿಲ್ಲ ಅಂದೆ.

ಅಷ್ಟರಲ್ಲಿ ಹುಡುಗಿ ಓಡುತ್ತ ಬಂದಳು.

“ಕಾಕಾ, ಮುಂದಿನ ತಿಂಗಳಾನೂ ಬರತೀರೇನ್ರಿ? ನೀವು ಬಂದ್ರ ಭಾಳ ಚಲೋ ಆಗತೈತಿ.”

ನನ್ನ ಎದೆ ಉಬ್ಬಿತು. “ಯಾಕವ್ವಾ?”

“ನಮ್ಮಪ್ಪ ಹೊಸದಾಗಿ ಚೆಸ್ ಕಲ್ಯಾಕತ್ತಾನ್ರಿ. ಆಡಾಕ ಅವನ ಲೆವಲ್ಲಿನವರು ಯಾರೂ ಸಿಗವಲ್ರು.”

“ನಿಮ್ಮಪ್ಪನ ರೇಟಿಂಗ್ ಎಷ್ಟೈತವ್ವಾ?” ಅಂತ ಕೇಳಿದೆ.